ಡ್ರಾಯಿಂಗ್ ಮೇಷ್ಟ್ರು ಮತ್ತು ಇಪ್ಪತ್ತೆಂಟರ ಲೆನ್ಸು

ಹೊನ್ನಾಳಿ ಬಸ್ ಸ್ಟ್ಯಾಂಡಿನ ಎದುರಿಗೆ ಮೇಷ್ಟ್ರ ಶ್ರದ್ಧಾಂಜಲಿಯ ಫ್ಲೆಕ್ಸು ಕಟ್ಟಿದ್ದರು. ಬಸ್ಸಿಳಿದವಳು ಚೀಲ ಹೆಗಲಿಗೇರಿಸಿಕೊಂಡು ಅದರ ಕೆಳಗೇ ನಿಂತು ಚೆನ್ನಾಗಿ ನೋಡಿದೆ. ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿಸಿ ಹಾಕಿದ್ದರು. ಕಣ್ಣು ಅರ್ಧ ಮುಚ್ಚಿದೆ, ಕೆನ್ನೆ ಊದಿಕೊಂಡಿದೆ, ಮುಖದ ಬಣ್ಣ ಬೂದಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಅಂತ ನಾಲ್ಕು ತಾಲ್ಲೂಕಿನ ಜನರ ಗದ್ದ ಎತ್ತಿ, ಕಾಲರ್ ಸರಿಮಾಡಿ, ಮುಂಗುರುಳು ಹಿಂದಕ್ಕೆ ತಳ್ಳಿ ಫೋಟೋ ತೆಗೆದ ಮನುಷ್ಯ, ಕೊನೆಗೆ ಸರ್ಕಲ್ಲಿನಲ್ಲಿ ಕಳ್ಳನ ಹಾಗೆ ನೇತಾಡುತ್ತಿದ್ದರು. ನನಗೆ ಸಂತೋಷವಾಯಿತು. ಹೋದವರ ಬಗ್ಗೆ ಒಳ್ಳೆಯ ಮಾತಾಡಬೇಕು ಅನ್ನುವವರು ಮುಂದಿನದನ್ನು ಓದದೆ ಇದ್ದರೆ ನನಗೇನೂ ಬೇಜಾರಿಲ್ಲ.

ಅವರು ತೀರಿಕೊಂಡ ದಿನವೇ ಅವರ ಮಗ ನನಗೆ ಫೋನು ಮಾಡಿದ್ದ. ಅಪ್ಪನದೊಂದು ಒಳ್ಳೆಯ ಫೋಟೋ ಇದ್ದರೆ ಕಳಿಸಿ ಅಕ್ಕ, ಮನೆಯಲ್ಲಿ ಹುಡುಕಿದರೆ ಒಂದೂ ಇಲ್ಲ, ಇರುವುದೆಲ್ಲ ಅಪ್ಪ ಬೇರೆಯವರದು ತೆಗೆದದ್ದೇ, ನೀವು ಗುರುವಂದನೆಯಲ್ಲಿ ತೆಗೆದಿದ್ದಿರಲ್ಲ ಅಂದ. ಅದರಲ್ಲಿ ನಿಮ್ಮಪ್ಪ ಬಂದಿಲ್ಲಪ್ಪ ಅಂದೆ. ಸುಳ್ಳೇನಲ್ಲ. ಯಾಕೆ ಬಂದಿಲ್ಲ ಎಂಬುದನ್ನು ಆ ಹುಡುಗನಿಗೆ ಹೇಳಲಿಲ್ಲ, ಅವನದೇನೂ ತಪ್ಪಿಲ್ಲ.

ಅವರು ನ್ಯಾಮತಿಯಲ್ಲಿ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮನೆ ಹೊನ್ನಾಳಿಯಲ್ಲಿ. ದಿನಾ ಬಸ್ಸಿನಲ್ಲಿ ಬರುವಾಗ ಡ್ರೈವರ್ ಹಿಂದಿನ ಸೀಟು ಅವರಿಗೇ ಮೀಸಲು, ಬೇರೆ ಯಾರಾದರೂ ಕೂತಿದ್ದರೆ ಕಂಡಕ್ಟರೇ ಎಬ್ಬಿಸುತ್ತಿದ್ದ. ಬಿಳಿ ಅಂಗಿ, ಅದರ ಜೇಬಿನಲ್ಲಿ ನಾಲ್ಕು ಮಡಿಕೆ ಹಾಕಿದ ಕರ್ಚೀಫು. ಸೀಮೆಸುಣ್ಣ ಹಿಡಿದರೆ ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ಮಾವಿನಕಾಯಿ ಬರೆಯುತ್ತಿದ್ದರು, ಕೈ ಎತ್ತುತ್ತಿರಲಿಲ್ಲ. ಹುಡುಗರನ್ನು ಹೊಡೆದವರಲ್ಲ, ಬೈದವರಲ್ಲ. ಬಡ ಮಕ್ಕಳಿಗೆ ಬಣ್ಣದ ಪೆನ್ಸಿಲ್ ತಂದುಕೊಡುತ್ತಿದ್ದರು, ನನಗೂ ಕೊಟ್ಟಿದ್ದಾರೆ. ಅವರು ಕೆಟ್ಟವರು ಅಂತ ನಾನೀಗ ನ್ಯಾಮತಿಯಲ್ಲಿ ಹೇಳಿದರೆ ನನ್ನನ್ನೇ ಹುಚ್ಚಿ ಅಂದಾರು.

ಅವರ ಹೆಸರು ಹರಡಿದ್ದು ಮಾತ್ರ ಡ್ರಾಯಿಂಗಿನಿಂದಲ್ಲ, ಕ್ಯಾಮೆರಾದಿಂದ. ಮುಂಬೈಯಲ್ಲಿದ್ದ ಸೋದರಮಾವ ಕೊಟ್ಟ ರೇಂಜ್‌ಫೈಂಡರ್ ಕ್ಯಾಮೆರಾ ಅದು, ಕೈಗೆ ತೆಗೆದುಕೊಂಡರೆ ಕಬ್ಬಿಣದ ಬೀಗದಷ್ಟು ಭಾರ. ಎರಡು ಲೆನ್ಸು: ಗುಂಪಿಗೆ ಐವತ್ತು ಮಿಲಿಮೀಟರಿನದು, ಒಬ್ಬೊಬ್ಬರ ಮುಖಕ್ಕೆ ತೊಂಬತ್ತರದು. ಸ್ಟುಡಿಯೋ ಇಟ್ಟವರಲ್ಲ, ಆದರೂ ಚನ್ನಗಿರಿಯ ಮದುವೆಗೂ ಜಗಳೂರಿನ ಗೃಹಪ್ರವೇಶಕ್ಕೂ ಅವರನ್ನು ಮನೆಯ ಹಿರಿಯರಂತೆ ಕರೆಸಿಕೊಳ್ಳುತ್ತಿದ್ದರು. ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲು ಎಲ್ಲ ಕಡೆಯೂ ಒಂದೇ ಮಾತು: "ನಗಬ್ಯಾಡ್ರಿ. ನಗು ಬರೋ ಹಂಗೆ ಇರ್ರಿ." ಆ ಮಾತಿಗೆ ಜನರ ಮುಖ ನಿಜಕ್ಕೂ ಬೆಳಗುತ್ತಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಇವತ್ತಿಗೂ ಆ ಬಾರದ ನಗು ಹಾಗೇ ಇದೆ.

ನಮ್ಮವ್ವ ಅದೇ ಶಾಲೆಯಲ್ಲಿ ಆಯಾ. ಕಸ ಗುಡಿಸುವುದು, ನೀರು ತುಂಬುವುದು, ಪಾಯಿಖಾನೆ ತೊಳೆಯುವುದು ಅವಳ ಕೆಲಸ. ವರ್ಷಕ್ಕೊಮ್ಮೆ ಪರೀಕ್ಷೆಗೆ ಮುಂಚೆ ಇಡೀ ಶಾಲೆಯ ಗುಂಪು ಫೋಟೋ ತೆಗೆಯುವ ಪದ್ಧತಿ ಇತ್ತು, ಅವತ್ತು ಅವ್ವ ಬೆಳಿಗ್ಗೆಯೇ ಬೆಂಚು ಕುರ್ಚಿ ಹೊತ್ತು ಮೈದಾನದಲ್ಲಿ ಸಾಲಾಗಿ ಹಾಕುತ್ತಿದ್ದಳು. ಆಮೇಲೆ ಸ್ಟೋರ್ ರೂಮಿಗೆ ಹೋಗಿ, ಕತ್ತಲಗೆರೆಯ ತವರಿನವರು ಕೊಟ್ಟ ಹಸಿರು ಸೀರೆ ಉಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬರುತ್ತಿದ್ದಳು. ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿ ಮುಗಿದ ಮೇಲೆ ಅವಳಿಗೆ ಬೇವಿನ ಮರದ ಕಡೆಯ ತುದಿ ತೋರಿಸುತ್ತಿದ್ದರು. ಅವಳು ಅಲ್ಲಿ ಸೆರಗು ಸರಿಮಾಡಿಕೊಂಡು ನಿಂತರೆ, ಕ್ಯಾಮೆರಾದ ಹಿಂದಿನಿಂದ ಗೌರವವಾಗಿಯೇ ಕೂಗಿ ಹೇಳುತ್ತಿದ್ದರು: "ಅಲ್ಲೇ ನಿಂತ್ಕೊಳ್ಳಮ್ಮ. ಚೆನ್ನಾಗೈತೆ."

ಫೋಟೋ ತೊಳೆಸಿ ಕಟ್ಟು ಹಾಕಿಸಿ ಹೆಡ್ಮಾಸ್ಟರ ಕೋಣೆಯಲ್ಲಿ ತೂಗುಹಾಕಿದ ದಿನ ಅವ್ವ ಗುಡಿಸುವ ನೆವದಲ್ಲಿ ಒಳಗೆ ಹೋಗುತ್ತಿದ್ದಳು. ನಾನೂ ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಹಿಂದೆ ಹೋಗಿದ್ದೆ. ಅವಳ ಬೆರಳು ಹಿಂದಿನ ಸಾಲಿನ ಮೇಲೆ ಮೆಲ್ಲಗೆ ಸರಿಯುತ್ತಾ ತುದಿಗೆ ಬಂತು, ಕಟ್ಟಿನ ಮರಕ್ಕೆ ತಾಗಿ ನಿಂತಿತು. ಅವಳು ಇರಲಿಲ್ಲ. ಅವಳ ಪಕ್ಕದಲ್ಲಿ ನಿಂತಿದ್ದ ಹತ್ತನೇ ಕ್ಲಾಸಿನ ಹುಡುಗ ಪೂರ್ತಿ ಇದ್ದ, ಅವನ ತೋಳಿನ ಬಳಿ ಫೋಟೋ ಮುಗಿದಿತ್ತು. ಅವ್ವ ಪೊರಕೆ ಎತ್ತಿಕೊಂಡು, "ನಾನೇ ದೂರ ನಿಂತೆ ಅನಿಸ್ತೈತೆ ಕಣವ್ವ. ಬರೋ ವರ್ಷ ಹತ್ರ ನಿಲ್ತೀನಿ" ಅಂದಳು. ಬರುವ ವರ್ಷವೂ ಬರಲಿಲ್ಲ. ಅದರ ಮುಂದಿನ ವರ್ಷ ತನ್ನ ಪಕ್ಕದವರಿಗೆ ಅಂಟಿಕೊಂಡೇ ನಿಂತಳು, ಆಗಲೂ ಬರಲಿಲ್ಲ.

ಗಂಟೆ ಹೊಡೆಯುವ ಅಟೆಂಡರು ಮುಂದೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂರುತ್ತಿದ್ದರು, ಪ್ರತಿ ಫೋಟೋದಲ್ಲೂ ಇದ್ದಾರೆ. ಅವರೂ ಬಡವರೇ, ಅವರದೂ ನಾಲ್ಕನೇ ದರ್ಜೆಯ ನೌಕರಿಯೇ. ಅವರಿಗೂ ನಮಗೂ ಇದ್ದ ವ್ಯತ್ಯಾಸ ಏನೆಂದು ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೇರಿ ಯಾವುದು ಅಂತ ಮೇಷ್ಟ್ರು ಒಂದು ದಿನವೂ ಬಾಯಿಬಿಟ್ಟು ಅಂದವರಲ್ಲ. ನಾನು ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗಳಾಗಿದ್ದೆ ಅಂತ ಆ ವರ್ಷ ನನ್ನನ್ನು ಹೆಡ್ಮಾಸ್ಟರ ಕುರ್ಚಿಯ ಪಕ್ಕಕ್ಕೇ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ನಟ್ಟನಡುವೆ ಇದ್ದೇನೆ. ಅವ್ವ ಅವತ್ತೂ ತುದಿಯಲ್ಲಿ ಹಸಿರು ಸೀರೆಯುಟ್ಟು ನಿಂತಿದ್ದಳು.

ಓದು ಮುಗಿಸಿ ನಾನು ಅದೇ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದೆ. ಮೇಷ್ಟ್ರಿಗಿನ್ನೂ ಕೆಲವು ವರ್ಷ ಸರ್ವೀಸ್ ಇತ್ತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು, ಚಹಾವನ್ನು ಸಾಸರಿಗೆ ಸುರಿದು ಆರಿಸಿಕೊಂಡು ಕುಡಿಯುತ್ತಿದ್ದರು. ಬೆಳಕು ಮತ್ತು ಮಸೂರದ ಪಾಠ ಮಾಡುವಾಗ ಮಕ್ಕಳಿಗೆ ತೋರಿಸಲು ಕ್ಯಾಮೆರಾ ಕೇಳಿದೆ. ಯಾರಿಗೂ ಮುಟ್ಟಗೊಡದವರು ಸಂತೋಷದಿಂದ ಕೊಟ್ಟರು, ತಾವೇ ಕೂತು ಹೇಳಿಕೊಟ್ಟರು. ಈ ಕ್ಯಾಮೆರಾದಲ್ಲಿ ನೋಡುವುದು ಲೆನ್ಸಿನೊಳಗಿಂದ ಅಲ್ಲ, ಮೇಲಿರುವ ಪುಟ್ಟ ಗಾಜಿನ ಕಿಟಕಿಯಿಂದ. ಕಿಟಕಿಯ ನಡುವೆ ಮುಖ ಎರಡಾಗಿ ಕಾಣುತ್ತದೆ, ಉಂಗುರ ತಿರುಗಿಸುತ್ತಾ ಎರಡೂ ಒಂದಾದರೆ ಫೋಕಸ್ ಆದ ಹಾಗೆ. ನಾನು ಸ್ಟಾಫ್ ರೂಮಿನ ಬಾಗಿಲಿನಿಂದ ಮೈದಾನದತ್ತ ಹಿಡಿದು ನೋಡಿದೆ. ಕಿಟಕಿಯೊಳಗೆ ಬಿಳಿಯ ಗೆರೆಯ ಒಂದು ಚೌಕ ಇತ್ತು. ಆ ಗೆರೆಯ ಒಳಗೆ ಇದ್ದದ್ದಷ್ಟೇ ಫೋಟೋದಲ್ಲಿ ಬರುತ್ತೆ ಅಂದರು ಮೇಷ್ಟ್ರು. ಗೆರೆಯ ಹೊರಗೂ ಎಲ್ಲ ಕಾಣುತ್ತಿತ್ತು. ಬೇವಿನ ಮರ ಕಾಣುತ್ತಿತ್ತು, ಅದರ ಕೆಳಗೆ ಬಗ್ಗಿ ಎಲೆ ಗುಡಿಸುತ್ತಿದ್ದ ಅವ್ವ ಕಾಣುತ್ತಿದ್ದಳು.

ಬೇರೆ ಯಾವ ಕ್ಯಾಮೆರಾ ಆಗಿದ್ದರೂ ಗೊತ್ತಾಗಲಿಲ್ಲ, ತಪ್ಪಿಹೋಯಿತು ಅನ್ನಬಹುದಿತ್ತು. ಈ ಕ್ಯಾಮೆರಾದಲ್ಲಿ ಅದು ಸಾಧ್ಯವೇ ಇಲ್ಲ. ಅವರು ಪ್ರತಿ ವರ್ಷ ಆ ಗೆರೆಯನ್ನು ನೋಡಿದ್ದಾರೆ, ಗೆರೆಯಾಚೆ ಸೆರಗು ಸರಿಮಾಡಿಕೊಳ್ಳುವ ಹೆಂಗಸನ್ನೂ ನೋಡಿದ್ದಾರೆ, ನೋಡಿ 'ಚೆನ್ನಾಗೈತೆ' ಅಂದಿದ್ದಾರೆ. ಅವರ ಹಿಂದೆ ಆಗ ಬಯಲಿತ್ತು. ಎರಡು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು. ಅವರು ಕ್ಯಾಮೆರಾ ಬಿದ್ದೀತೆಂದು ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದರು.

ಗೆರೆಯ ಹೊರಗೆ ನಿಂತವರು ನಿಮಗೆ ಕಾಣಿಸುತ್ತಾರಲ್ಲ ಸರ್ ಅಂತ ಕೇಳಿದೆ. ಯಾರ ಮಾತು ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಸಾಸರನ್ನು ಮೇಜಿನ ಮೇಲಿಟ್ಟು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದರು: "ಕಾಣ್ತಾರೆ. ಎಲ್ರುನ್ನೂ ತಗೊಂಡ್ರೆ ಫೋಟೋ ಅನ್ನೋದು ಸಂತೆ ಆಗ್ತೈತೆ. ಬರಬ್ಯಾಡ್ರಿ ಅಂದ್ರೆ ಪಾಪ, ಅವ್ರಿಗೆ ನೋವಾಗ್ತೈತೆ. ನಿಲ್ಲಾಕೆ ಬಿಡಬೇಕು. ಅವ್ರಿಗೆ ನಿಂತ ಸಂತೋಷ ಐತಲ್ಲ." ಹೇಳಿ ಮುಗಿಸಿ ಕರ್ಚೀಫಿನಿಂದ ತುಟಿ ಒರೆಸಿಕೊಂಡರು. ಆ ಮಾತನ್ನು ನಾನು ಬಡ್ಡಿ ಸಮೇತ ವಾಪಸು ಕೊಡಬೇಕು ಅಂತ ಅವತ್ತೇ ತೀರ್ಮಾನ ಮಾಡಿಕೊಂಡೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ದ್ವೇಷದ ಬಗ್ಗೆ ಅವನು ಏನು ಹೇಳುತ್ತಾನೆಂದು ನನಗೂ ಗೊತ್ತು. ಕೆಲವು ದಿನ ಅವನ ಮುಖ ನೋಡದೆ ಓಡಾಡಿದೆ.

ತಮಾಷೆ ಎಂದರೆ ನಿವೃತ್ತರಾಗುವಾಗ ಅವರು ಆ ಕ್ಯಾಮೆರಾವನ್ನು ಎರಡೂ ಲೆನ್ಸಿನ ಸಮೇತ ನನಗೇ ಕೊಟ್ಟರು. ಕೈ ಅದುರಲು ಶುರುವಾಗಿತ್ತು, ಮಗನಿಗೆ ಮೊಬೈಲೇ ಸಾಕಾಗಿತ್ತು. ಕೇಳಿದವರಿಗೆಲ್ಲ ಇಲ್ಲ ಅಂದು, ಗೆರೆ ನೋಡಿ ತೆಗೆಯುವವಳು ನೀನೊಬ್ಬಳೇ ಅಂತ ನನ್ನ ಕೈಗಿಟ್ಟರು. ಬೇಡ ಅನ್ನಲಿಲ್ಲ. ಕೊಟ್ಟ ಕೈಯ ಮೇಲೆ ಕರುಣೆಯೂ ಬರಲಿಲ್ಲ.

ಆಮೇಲೆ ನನಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ವರ್ಗವಾಯಿತು. ಅವ್ವನೂ ನಿವೃತ್ತಳಾಗಿ ನನ್ನ ಜೊತೆಗೇ ಬಂದಳು. ನ್ಯಾಮತಿಯ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದೇವೆ, ಹಳಬರನ್ನೆಲ್ಲ ಕರೆಯುತ್ತೇವೆ, ಆಯಮ್ಮನನ್ನೂ ಕರಕೊಂಡು ಬನ್ನಿ, ಗುಂಪು ಫೋಟೋ ಮೇಷ್ಟ್ರ ಕ್ಯಾಮೆರಾದಲ್ಲೇ ನೀವು ತೆಗೆಯಬೇಕು ಅಂತ ಫೋನು ಬಂದದ್ದು ಅಲ್ಲಿಗೇ. ಮೈದಾನ ನನಗೆ ಗೊತ್ತಿತ್ತು. ಮೇಷ್ಟ್ರು ನಿಲ್ಲುತ್ತಿದ್ದ ಜಾಗದ ಹಿಂದೆ ಈಗ ಹೊಸ ಕೊಠಡಿಗಳು ಎದ್ದಿವೆ, ಹಿಂದೆ ಸರಿಯಲು ಜಾಗವಿಲ್ಲ. ಐವತ್ತರ ಲೆನ್ಸಿನಲ್ಲಿ ಅರ್ಧ ಜನ ಹೊರಗುಳಿಯುತ್ತಾರೆ. ಅಗಲಕ್ಕೆ ನೋಡುವ ವೈಡ್ ಲೆನ್ಸು ಬೇಕೇ ಬೇಕಿತ್ತು.

ಮೇಷ್ಟ್ರು ಜೀವಮಾನದಲ್ಲಿ ವೈಡ್ ಲೆನ್ಸು ಮುಟ್ಟಿದವರಲ್ಲ. ಅದು ನಾಚಿಕೆಯಿಲ್ಲದ ಲೆನ್ಸು, ದಾರಿಯಲ್ಲಿ ಹೋಗುವವರನ್ನೂ ಒಳಗೆ ಎಳಕೊಳ್ಳುತ್ತದೆ, ಅಂಚಿನಲ್ಲಿರುವವರ ಮುಖ ಹಿಗ್ಗಿಸಿ ಹಾಳುಮಾಡುತ್ತದೆ ಅನ್ನುತ್ತಿದ್ದರು. ದಾವಣಗೆರೆಯಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರು ಮೂರು ಲೆನ್ಸು ಕೊಟ್ಟು, ನೋಡಿ ಒಂದನ್ನು ಇಟ್ಟುಕೊಳ್ಳಿ ಅಂದರು: ಮೂವತ್ತೈದು, ಇಪ್ಪತ್ತೆಂಟು, ಇಪ್ಪತ್ತೊಂದು. ಅಂಕಿ ಇಳಿದಷ್ಟೂ ಲೆನ್ಸಿನ ಕಣ್ಣು ಅಗಲ. ಬಿಳಿಚೋಡಿನ ಶಾಲೆಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅವ್ವನನ್ನು ತುದಿಯಲ್ಲಿ ನಿಲ್ಲಿಸಿ ಮೂರರಲ್ಲೂ ತೆಗೆದೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ತಾವೂ ಬಂದು ನಿಂತರು, ಅವರನ್ನೂ ಸೇರಿಸಿಕೊಂಡೆ.

ಮೂವತ್ತೈದು ನನ್ನಲ್ಲಿದ್ದ ಐವತ್ತರ ತಮ್ಮನಂತಿತ್ತು, ಅದಕ್ಕಾಗಿ ಇನ್ನೊಂದು ಲೆನ್ಸು ಹೊರುವ ಅಗತ್ಯ ಕಾಣಲಿಲ್ಲ. ಇಪ್ಪತ್ತೊಂದರಲ್ಲಿ ಊರಿಗೆ ಊರೇ ಬಂತು. ಆದರೆ ಅಂಚಿನಲ್ಲಿದ್ದ ಅವ್ವನ ಮುಖ ಅಡ್ಡಡ್ಡ ಹಿಗ್ಗಿತ್ತು. ಪ್ರಿಂಟು ನೋಡಿ ಅವಳು, ನಾನ್ಯಾಕೆ ಹಿಂಗೆ ಕುಂಬಳಕಾಯಿ ಆಗೀನಿ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ತುದಿಯವರನ್ನು ಒಳಗೆ ಕರೆದು ಅವಮಾನ ಮಾಡುವ ಲೆನ್ಸು ನನಗೆ ಬೇಡವಾಗಿತ್ತು, ಮೇಷ್ಟ್ರ ಮಾತು ನಿಜವಾಗುವುದೂ ಬೇಡವಾಗಿತ್ತು. ಇಪ್ಪತ್ತೆಂಟರಲ್ಲಿ ಎಲ್ಲರೂ ಬಂದಿದ್ದರು, ಕುರಿಯವರೂ ಬಂದಿದ್ದರು, ಅವ್ವ ಅವ್ವನ ಹಾಗೆಯೇ ಇದ್ದಳು. ಅದನ್ನೇ ಇಟ್ಟುಕೊಂಡೆ.

ಇನ್ನೊಂದು ತೊಡಕಿತ್ತು. ಕ್ಯಾಮೆರಾದ ಕಿಟಕಿಯಲ್ಲಿ ಐವತ್ತಕ್ಕೂ ತೊಂಬತ್ತಕ್ಕೂ ಮಾತ್ರ ಗೆರೆ ಇದ್ದದ್ದು. ಇಪ್ಪತ್ತೆಂಟಕ್ಕೆ ಕ್ಯಾಮೆರಾದ ತಲೆಯ ಮೇಲೆ ಬೇರೆ ಪುಟ್ಟ ಕಿಟಕಿ ಸಿಕ್ಕಿಸಬೇಕು. ರಿಪೇರಿಯವರು ಸುಮ್ಮನೆ ಬಯಲು ಗಾಜಿನದೊಂದನ್ನು ಕೊಡಲು ಬಂದರು. ಒಳಗೆ ಬಿಳಿ ಗೆರೆ ಇರುವುದೇ ಬೇಕು, ಗೆರೆಯ ಹೊರಗೂ ಸ್ವಲ್ಪ ಕಾಣಬೇಕು ಅಂತ ಹಟ ಹಿಡಿದು ತರಿಸಿಕೊಂಡೆ. ಯಾಕೆ ಅಂತ ಅವರು ಕೇಳಲಿಲ್ಲ. ನಾನೂ ಆಗ ಇಂಥದೇ ಮಾಡುತ್ತೇನೆ ಅಂತ ಲೆಕ್ಕ ಹಾಕಿರಲಿಲ್ಲ. ಅವ್ವ ಫೋಟೋದಲ್ಲಿ ಬರಬೇಕು, ಅದನ್ನು ಅವರು ನೋಡಬೇಕು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಗುರುವಂದನೆಯ ದಿನ ಭಾಷಣ, ಶಾಲು, ಹಾರ ಎಲ್ಲ ಮುಗಿದು ಎಲ್ಲರೂ ಮೈದಾನಕ್ಕೆ ಬಂದರು. ಮುಂದಿನ ಸಾಲಿನಲ್ಲಿ ಹಿರಿಯರಿಗೆ ಕುರ್ಚಿ, ನಟ್ಟನಡುವಿನದು ಮೇಷ್ಟ್ರಿಗೆ. ಆದರೆ ಅವರು ಕೂರಬೇಕಲ್ಲ. ಕೈ ಅದುರುತ್ತಿದ್ದರೂ ಹಳೆಯ ಉತ್ಸಾಹದಲ್ಲಿ ಎದ್ದು ಉದ್ದನೆಯವರನ್ನು ಹಿಂದಕ್ಕೆ, ಗಿಡ್ಡನೆಯವರನ್ನು ಮುಂದಕ್ಕೆ ಮಾಡುತ್ತಾ, ಗದ್ದ ಎತ್ತುತ್ತಾ ಓಡಾಡಿದರು. ಜನರಿಗೆ ಅದೇ ಖುಷಿ, ಚಪ್ಪಾಳೆ ತಟ್ಟಿದರು. ಅವ್ವ ಅದೇ ಹಸಿರು ಸೀರೆಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನೋಡುತ್ತಿದ್ದಳು. ಮೇಷ್ಟ್ರು ಅವಳ ಕಡೆ ತಿರುಗಿ ನಕ್ಕು, ಬೇವಿನ ಮರದ ತುದಿಗೆ ಬೆರಳು ತೋರಿಸಿ, ನೀನು ಅಲ್ಲಿ ಹೋಗಮ್ಮ ಅಂದರು.

ನಾನು ಕ್ಯಾಮೆರಾ ಬಿಟ್ಟು ಬಂದೆ. ಅವ್ವ ಆಗಲೇ ತುದಿಗೆ ಹೊರಟಿದ್ದಳು, ಅವಳ ಕೈ ಹಿಡಿದು ತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಅವಳು ಏಳಲು ನೋಡಿದಳು. ಹಿಂದೆ ನಿಂತಿದ್ದ ಹಳೆಯ ಹುಡುಗರು, ಕೂತ್ಕೋ ಆಯಮ್ಮ, ನಮಗೆಲ್ಲ ನೀರು ಕೊಟ್ಟಾಕಿ ನೀನು ಅಂತ ಅವಳ ಹೆಗಲು ಒತ್ತಿ ಕೂರಿಸಿದರು. ಮೇಷ್ಟ್ರು ಸಾಲೆಲ್ಲ ಸರಿಮಾಡಿ ತಿರುಗಿ ನೋಡಿದಾಗ ಅವರ ಕುರ್ಚಿಯಲ್ಲಿ ನಮ್ಮವ್ವ ಇದ್ದಳು. ಅಷ್ಟು ಜನರೆದುರು ಮುದುಕಿಯನ್ನು ಎಬ್ಬಿಸುವುದು ಹೇಗೆ? ಬೇರೆ ಕುರ್ಚಿ ತರುತ್ತೇವೆ ಅಂದವರಿಗೆ ಬೇಡ ಬೇಡ ಅಂತ ಕೈಯಾಡಿಸಿ, ದೊಡ್ಡ ಮನುಷ್ಯರಂತೆ ನಗುತ್ತಾ, ಖಾಲಿ ಉಳಿದಿದ್ದ ಒಂದೇ ಜಾಗಕ್ಕೆ ಹೋದರು. ಅದು ಬೇವಿನ ಮರದ ತುದಿ.

ನಾನು ಮೇಲಿನ ಪುಟ್ಟ ಕಿಟಕಿಗೆ ಕಣ್ಣಿಟ್ಟೆ. ಎಲ್ಲರೂ ಗೆರೆಯೊಳಗೆ ಇದ್ದರು. ಅವರೂ ಇದ್ದರು. ವೈಡ್ ಲೆನ್ಸಿನ ಮೋರೆಯನ್ನು ಅವರು ದೂರದಿಂದಲೇ ಗುರುತು ಹಿಡಿದಿದ್ದರು, ಫೋಟೋದಲ್ಲಿ ಬರುತ್ತೇನೆ ಅನ್ನುವ ಧೈರ್ಯದಲ್ಲಿ ಕರ್ಚೀಫು ಕೈಯಲ್ಲಿ ಹಿಡಿದು ಆರಾಮಾಗಿ ನಿಂತಿದ್ದರು. ಬಿಟ್ಟುಬಿಡಬಹುದಿತ್ತು. ಅವ್ವ ನಡುವೆ ಕೂತಾಗಿತ್ತು, ನನಗೆ ಬೇಕಾದದ್ದು ಆಗಿಹೋಗಿತ್ತು. ಆದರೆ ಕಟ್ಟಿನ ಮರಕ್ಕೆ ತಾಗಿ ನಿಂತ ಆ ಬೆರಳು ನೆನಪಿಗೆ ಬಂತು. ಅವರ ಪಕ್ಕದ ಸಾಲಿನವರಿಗೆ ನಡುವಿಗೆ ಒತ್ತಿಕೊಂಡು ನಿಲ್ಲಿ ಅಂತ ಹೇಳಿ, ಬೇವಿನ ಮರದಿಂದ ಆಚೆಗೆ ಕ್ಯಾಮೆರಾ ಸಮೇತ ಇಷ್ಟೇ ಇಷ್ಟು ತಿರುಗಿದೆ. ಗೆರೆ ಮೆಲ್ಲಗೆ ಸರಿದು ಅವರನ್ನು ದಾಟಿತು.

ಅವರಿಗೆ ತಕ್ಷಣ ಗೊತ್ತಾಯಿತು. ಆ ಮೈದಾನದಲ್ಲಿ ಗೊತ್ತಾದದ್ದು ಅವರೊಬ್ಬರಿಗೇ. ಒಂದು ಹೆಜ್ಜೆ ಒಳಗೆ ಬಂದರು. ನಾನು ಇನ್ನೊಂದು ಚೂರು ತಿರುಗಿದೆ. ಪಕ್ಕದವನ ಭುಜಕ್ಕೆ ಅವರ ಭುಜ ತಾಗಿತು, ಇನ್ನು ಒಳಗೆ ಬರಲು ಜಾಗವಿರಲಿಲ್ಲ. ಏನೋ ಹೇಳಲು ಕೈ ಎತ್ತಿದರು. ಏನಂತ ಹೇಳಿಯಾರು? ನನ್ನನ್ನು ಬಿಟ್ಟು ತೆಗೆಯುತ್ತಿದ್ದಾಳೆ ಅಂದರೆ, ಕ್ಯಾಮೆರಾ ಹಿಡಿದವರಿಗೆ ಬಿಟ್ಟವರು ಕಾಣುತ್ತಾರೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಎತ್ತಿದ ಕೈ ಹಾಗೇ ಇಳಿಯಿತು.

"ಅಲ್ಲೇ ನಿಂತ್ಕೊಳ್ರಿ ಸರ್," ಅಂದೆ. "ಚೆನ್ನಾಗೈತೆ."

ಆಮೇಲೆ ಅವರ ಮಾತನ್ನೇ ಎಲ್ಲರಿಗೂ ಹೇಳಿದೆ, ನಗಬೇಡಿ, ನಗು ಬರುವ ಹಾಗೆ ಇರಿ ಅಂತ. ಜನರಿಗೆ ಹಳೆಯ ನೆನಪಾಗಿ ಮುಖ ಅರಳಿತು. ಗೆರೆಯ ಹೊರಗೆ ಅವರೂ ನಗು ಬರುವ ಹಾಗೆ ನಿಂತರು. ಬಟನ್ ಒತ್ತಿದೆ.

ಪ್ರಿಂಟು ಬಂದ ಮೇಲೆ ಒಂದನ್ನು ಹೊನ್ನಾಳಿಗೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಅಂಚೆಯಲ್ಲಿ ಕಳಿಸಿದ್ದರೆ ಅವರ ಮುಖ ನೋಡಲು ಸಿಗುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರ ಬೆರಳೂ ಸಾಲಿನ ಮೇಲೆ ಸರಿಯುತ್ತಾ ತುದಿಗೆ ಹೋಯಿತು. ಅಲ್ಲಿ ಅವರ ಮೊಣಕೈಯೂ ಕರ್ಚೀಫಿನ ಒಂದು ಮೂಲೆಯೂ ಬಂದಿದ್ದವು, ಮೇಲೆ ಸಿಕ್ಕಿಸುವ ಕಿಟಕಿಗಳ ಗೆರೆ ಅಷ್ಟು ಕರಾರುವಾಕ್ಕಾಗಿರುವುದಿಲ್ಲ. ಬೈಯುತ್ತಾರೆ, ಕ್ಷಮೆ ಕೇಳುತ್ತಾರೆ, ಏನಾದರೊಂದು ಮಾಡುತ್ತಾರೆ ಅಂತ ಕಾದೆ. ಅವರು ಕನ್ನಡಕ ತೆಗೆದು, "ಲೆನ್ಸು ಚಲೋ ಐತೆ. ಅಂಚು ಹಿಗ್ಗಿಲ್ಲ" ಅಂದರು. ಸೊಸೆಯನ್ನು ಕರೆದು ನನಗೆ ಚಹಾ ಕೊಡಲು ಹೇಳಿದರು. ಚಹಾ ಕುಡಿದೇ ಬಂದೆ. ಅದೇ ಕೊನೆ, ಮತ್ತೆ ನಾವು ಮಾತಾಡಲಿಲ್ಲ.

ಫ್ಲೆಕ್ಸು ನೋಡಿದ ಸಂಜೆ ಬಿಳಿಚೋಡಿಗೆ ವಾಪಸು ಬಂದು, ಅಲ್ಲಿಯವರೆಗೆ ಹೇಳದಿದ್ದ ಮೇಷ್ಟ್ರ ಸಾವಿನ ವಿಷಯವನ್ನು ಅವ್ವನಿಗೆ ಹೇಳಿದೆ. ಅವ್ವ ಕೈಕಾಲು ತೊಳೆದುಕೊಂಡು ಬಂದು ಗೋಡೆಯ ಮೇಲಿದ್ದ ಆ ಫೋಟೋ ಇಳಿಸಿಕೊಡಲು ಹೇಳಿದಳು. ಅದನ್ನು ಕಟ್ಟು ಹಾಕಿಸಿದಾಗಿನಿಂದ ಅವಳು ದಿನಾ ನೋಡುತ್ತಿದ್ದಳು, ನೋಡುತ್ತಿದ್ದದ್ದು ನಡುವಿನ ಕುರ್ಚಿಯನ್ನಷ್ಟೇ. ಇವತ್ತು ಮೇಷ್ಟ್ರಿಗೊಂದು ಕೈ ಮುಗಿಯಬೇಕು ಅಂತ ಅವರನ್ನು ಹುಡುಕಿದಳು. ಬೆರಳು ಒಂದೊಂದೇ ಮುಖ ದಾಟಿ ಬೇವಿನ ಮರದ ಕಡೆಗೆ ಹೋಗಿ, ಕಟ್ಟಿಗೆ ತಾಗಿ ನಿಂತಿತು. ಕರ್ಚೀಫಿನ ಮೂಲೆ ಅವಳ ಕಣ್ಣಿಗೆ ಕಾಣಲಿಲ್ಲ.

"ಮೇಷ್ಟ್ರು ಬಂದೇ ಇಲ್ಲಲ್ಲವ್ವ ಇದರಾಗೆ," ಅಂದಳು. "ಪಾಪ, ದೂರ ನಿಂತಿದ್ರು ಅನಿಸ್ತೈತೆ. ಆ ಬಿಸ್ಲಾಗೆ ಅಷ್ಟೊತ್ತು ನಿಂತಿದ್ರು."

"ನಿಂತ ಸಂತೋಷ ಸಿಕ್ತಲ್ಲವ್ವ," ಅಂದೆ.